ಟವೆಲ್ಲಿನ ಕೆಳಗಿನ ದರ

ಅಂಗಡಿಗೆ ಹೋದರೆ ನನಗೆ ಇಷ್ಟವಾದ ಸೀರೆಯನ್ನು ನಾನು ಮೊದಲು ಮುಟ್ಟುವುದಿಲ್ಲ. ಬೇಡವಾದ ನಾಲ್ಕೈದನ್ನು ಬಿಚ್ಚಿಸಿ, ಒಂದೊಂದಕ್ಕೂ ಮೂಗು ಮುರಿದು, ಕಡೆಗೆ ಬೇಕಾದದ್ದರ ಸೆರಗಿನ ತುದಿ ಹಿಡಿದು ‘ಇದೇನ್ರಿ, ಒಂದ್ ನೀರಿಗೆ ಬಣ್ಣ ಬಿಡೂ ಹಂಗ ಕಾಣ್ತೈತಿ’ ಎನ್ನುತ್ತೇನೆ. ಆಮೇಲೆ ಎದ್ದು ಚಪ್ಪಲಿ ಮೆಟ್ಟುತ್ತೇನೆ. ಮೆಟ್ಟುವುದು ಬಹಳ ನಿಧಾನ. ಅಂಗಡಿಯವನು ಹಿಂದಿನಿಂದ ಕರೆಯಲು ಅಷ್ಟು ಹೊತ್ತಾದರೂ ಬೇಕಲ್ಲ. ಈಗ ಎಲ್ಲ ಸೀರೆಗೂ ದರದ ಚೀಟಿ ಅಂಟಿಸಿರುತ್ತಾರೆ, ಕರೆಯುವವರಿಲ್ಲ. ಹೋದ ತಿಂಗಳು ಇಂಡಿ ಪೇಟೆಯಲ್ಲಿ ಹೀಗೇ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕಾಲಿನಿಂದ ಹುಡುಕುವ ನಾಟಕ ಮಾಡುತ್ತಿದ್ದಾಗ ನನ್ನ ಮಗಳು ಸಿಟ್ಟಿಗೆದ್ದಳು.

“ಅವ್ವಾ, ನಿನಗ ಆ ಸೀರಿ ಬೇಕೋ ಬ್ಯಾಡೋ? ಬೇಕಂದ್ರ ಬೇಕನ್ನು. ಅಷ್ಟ ಹೇಳಾಕ ಏನ್ ತ್ರಾಸ ನಿನಗ?”

ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಅಂಗಡಿಯಿಂದ ಇಳಿದೆ. ಮನೆಗೆ ಬಂದ ಮೇಲೆ ಕೂತಲ್ಲಿ ಕೂಡಲಾಗಲಿಲ್ಲ. ಹಾಲು ಉಕ್ಕಿಸಿದೆ, ಬಟ್ಟೆ ಮಡಚಿದ್ದನ್ನೇ ಮತ್ತೆ ಮಡಚಿದೆ, ಅಂಗಳಕ್ಕೆ ಹೋಗಿ ಯಾಕೆ ಬಂದೆ ಎಂದು ತಿಳಿಯದೆ ಒಳಗೆ ಬಂದೆ. ಮೊದಲಿನಿಂದಲೂ ನಾನು ಹೀಗೆ; ಮನಸ್ಸಿಗೆ ಚುಚ್ಚಿದರೆ ಕಾಲು ನಿಲ್ಲುವುದಿಲ್ಲ. ತ್ರಾಸ ಏನೆಂದು ಅವಳಿಗೆ ಹೇಳಬೇಕಾದರೆ ನಾನು ಚಿಕ್ಕಂದಿನಲ್ಲಿದ್ದ ಹೊರ್ತಿಯ ಮನೆಗೆ ಹೋಗಬೇಕು. ಆ ಮನೆಯೊಳಗೆ ಹೋಗಬೇಕಾದರೆ ಅಪ್ಪನ ಹೆಗಲ ಮೇಲಿನ ಟವೆಲ್ಲನ್ನು ಸರಿಸಿಯೇ ಹೋಗಬೇಕು.

ಮನೆ ಎಂದೆನಲ್ಲ, ಅದು ನಮ್ಮದಲ್ಲ, ಅವ್ವನ ನೌಕರಿಯದು. ಅವ್ವ ಹಳ್ಳಿಯ ನರ್ಸ್. ಸರ್ಕಾರ ಕೊಟ್ಟ ಎರಡು ಕೋಣೆಗಳಲ್ಲಿ ಮುಂದಿನದು ಹೆರಿಗೆ, ಚುಚ್ಚುಮದ್ದು, ಗುಳಿಗೆಗಳಿಗೆ; ಹಿಂದಿನದು ಅಪ್ಪ, ಅವ್ವ, ನಾನು, ತಂಗಿ ನೀಲಾ, ಒಲೆ, ನೀರಿನ ಹಂಡೆ, ಜೋಳದ ಚೀಲ ಇಷ್ಟಕ್ಕೂ. ನಡುವೆ ಒಂದು ಹಸಿರು ಪರದೆ. ರೊಟ್ಟಿ ಬಡಿಯುವ ಸದ್ದೂ ಬಸುರಿಯರ ನರಳಾಟವೂ ಆ ಪರದೆಯಲ್ಲಿ ಬೆರೆತುಹೋಗುತ್ತಿದ್ದವು. ನನಗೆ ಈಗಲೂ ಡೆಟಾಲಿನ ವಾಸನೆ ಬಂದರೆ ಹಸಿವಾಗುತ್ತದೆ. ಹೊರ್ತಿಗೆ ಮುಂಚೆ ಆಲಮೇಲದಲ್ಲಿದ್ದೆವು, ಅದಕ್ಕೂ ಮುಂಚೆ ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿಯಲ್ಲಿ. ಅವ್ವನಿಗೆ ವರ್ಗದ ಆರ್ಡರ್ ಬಂತೆಂದರೆ ಜೋಳದ ಚೀಲದ ಬಾಯಿ ಕಟ್ಟಿ ಹೊರಡುವುದು. ಹಾಗಾಗಿ ನಮ್ಮ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ದೇವರ ಫೋಟೋ ಕೂಡ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿರುತ್ತಿತ್ತು, ಬಸ್ಸಿಗೆ ಕಾಯುವವರ ಹಾಗೆ. ಟ್ರಂಕನ್ನು ಪೂರ್ತಿ ಖಾಲಿ ಮಾಡಿದ್ದು ನಾನು ನೋಡಿಲ್ಲ. ಅಡಿಯಲ್ಲಿದ್ದ ಬಟ್ಟೆಗಳು ಊರಿಂದ ಊರಿಗೆ ಹಾಗೇ ಹೋಗುತ್ತಿದ್ದವು.

ಅಪ್ಪ ದನದ ದಲ್ಲಾಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ತಿರುಗುವವನು. ಕಾಲಿಗೆ ಚಕ್ರ ಕಟ್ಟಿಕೊಂಡವನು. ರೈತರ ಪರವಾಗಿ ಎತ್ತು ಕೊಡಿಸುವುದು ಅವನ ಕೆಲಸ. ಎತ್ತಿನ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಿಯಿಂದ ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವೆಲ್. ಅದರ ಕೆಳಗೆ ಬೆರಳು ಹಿಡಿಯುವುದು. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಅಷ್ಟು, ಐದನ್ನೂ ಒಟ್ಟಿಗೆ ಹಿಡಿದರೆ ಅದಕ್ಕಿಂತ ಮೇಲಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದು. ಅಷ್ಟು ಹೊತ್ತೂ ಬಾಯಿ ಬೇರೆಯೇ ಮಾತಾಡುತ್ತಿರುತ್ತದೆ. ಕೊಳ್ಳುವವನ ಕಡೆಯವನು ‘ಕಾಲ ಸೊಟ್ಟ ಐತಿ, ಸುಳಿ ಸರಿಯಿಲ್ಲ’ ಎಂದು ಐಬು ಎಣಿಸುತ್ತಾನೆ. ಮಾರುವವನು ‘ಐಬಿಲ್ಲ, ದೇವರಾಣೆ ಐಬಿಲ್ಲ’ ಎಂದು ಎದೆ ಬಡಿದುಕೊಳ್ಳುತ್ತಾನೆ. ಎರಡೂ ಸುಳ್ಳು. ಖರೆ ಇರುವುದು ಟವೆಲ್ಲಿನ ಕೆಳಗೆ.

ಇದನ್ನೆಲ್ಲ ಅಪ್ಪ ನಮಗೆ ಪಾಠದ ಹಾಗೆ ಹೇಳಿಕೊಟ್ಟಿದ್ದ. ರಜೆಯಲ್ಲಿ ನನ್ನನ್ನು ಇಂಡಿಯ ಸಂತೆಗೆ ಕರೆದುಕೊಂಡು ಹೋದಾಗ ಒಂದು ಬಿಳಿ ಹೋರಿಯನ್ನು ನೋಡಿ ನಾನು ‘ಅಪ್ಪಾ, ಎಷ್ಟ ಛಂದ ಐತಿ!’ ಎಂದು ಕೂಗಿಬಿಟ್ಟೆ. ಅಪ್ಪ ನನ್ನ ರಟ್ಟೆ ಹಿಡಿದು ಆಚೆ ಎಳೆದೊಯ್ದ.

“ನೀ ಒಂದ್ ಮಾತ ಅಂದಿ, ಅವ ಒಂದ್ ಬೆರಳ ಏರಿಸಿದ. ಬೇಕನ್ನೂದು ಮುಖದಾಗ ಕಂಡ್ರ ಮುಗೀತು, ಅವ ಹೇಳಿದ್ದ ದರ. ತಿಳೀತೇನ? ಬೇಕಾದದ್ದಕ್ಕ ಬೆನ್ನ ತೋರ್ಸಬೇಕು. ನಡಕೋಂತ ಹೋಗಬೇಕು. ಹಿಂದ ತಿರುಗಿ ನೋಡಬಾರ್ದು. ಗರಜ ಇದ್ದಂವ ತಾನ ಕರೀತಾನ.”

“ಕರೀದಿದ್ರ?”

“ಕರೀತಾನ.”

ಹೀಗೆ ಹೇಳುವವನ ಹೊಟ್ಟೆಯಲ್ಲಿ ಏನಿತ್ತೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಊರೂರಿಗೆ ಟ್ರ್ಯಾಕ್ಟರು ಬಂದಿದ್ದವು. ಸಂತೆಯಲ್ಲಿ ಎತ್ತು ಕಡಿಮೆಯಾಗಿ ದಲ್ಲಾಳಿಗಳೇ ಹೆಚ್ಚಾಗಿದ್ದರು. ಅಪ್ಪ ಸಂತೆಯಿಂದ ಬಂದಾಗ ನಾನೂ ನೀಲಾಳೂ ಅವನ ಮುಖ ನೋಡುತ್ತಿರಲಿಲ್ಲ, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಟವೆಲ್ ನೋಡುತ್ತಿದ್ದೆವು. ಮುದ್ದೆಯಾಗಿ, ಬೆವರಿನಿಂದ ಕಂದಿದ್ದರೆ ಅವತ್ತು ವ್ಯಾಪಾರ ಆಗಿದೆ. ಚುರಮುರಿ, ಭಜಿ ಬಂದಿರುತ್ತದೆ. ಅವ್ವ ಬೆಳಿಗ್ಗೆ ಮಡಚಿ ಕೊಟ್ಟ ಮಡಿಕೆ ಹಾಗೇ ಇದ್ದರೆ ನಾವು ಸದ್ದಿಲ್ಲದೆ ಪಾಟಿ ಬಳಪ ಹಿಡಿದು ಕೂಡುತ್ತಿದ್ದೆವು. ಮಡಿಕೆ ಮುರಿಯದ ದಿನ ಅಪ್ಪನಿಗೆ ಐಬು ಹುಡುಕುವ ಚಟ ಕೆರಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚು, ನೀಲಾಳ ನಡಿಗೆ ಸೊಟ್ಟ, ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಮಡಿಕೆ ಮುರಿದ ದಿನವೂ ಹುಡುಕುತ್ತಿದ್ದ, ಸ್ವಲ್ಪ ನಗುತ್ತ ಹುಡುಕುತ್ತಿದ್ದ, ಅಷ್ಟೇ ಫರಕು.

ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ಹಬ್ಬ. ಒಂದು ವರ್ಷ ನಾನು ಕೆರೆಯ ಮಣ್ಣು ತಂದು, ನಾದಿ, ಜೋಡೆತ್ತು ಮಾಡಿದ್ದೆ. ಕಣ್ಣಿಗೆ ಗುಲಗಂಜಿ, ಕೊಂಬಿಗೆ ಸುಣ್ಣದ ಬಣ್ಣ. ಚುಚ್ಚುಮದ್ದಿಗೆ ಬಂದ ಹೆಂಗಸರೆಲ್ಲ ‘ಸಿಸ್ಟರ್ ಬಾಯಾರ ಮಗಳ ಕೈ ಛಲೋ ಐತಿ’ ಎಂದು ಹೊಗಳಿದ್ದರು. ಅಪ್ಪ ಬಂದವನೇ ಕುಕ್ಕರುಗಾಲಿನಲ್ಲಿ ಕೂತು, ಎತ್ತನ್ನು ಎತ್ತಿ, ತಿರುಗಿಸಿ, ಹೊಟ್ಟೆಯ ಕೆಳಗೂ ನೋಡಿದ.

“ಎಡಗಡಿ ಎತ್ತಿಂದು ಮುಂಗಾಲ ಗಿಡ್ಡ ಐತಿ. ಇದು ಜೋಡಿ ಆಗೂದಿಲ್ಲ.”

ಹಂಡೆಯ ಹಿಂದೆ ಕೂತು ಅತ್ತೆ. ಅಪ್ಪ ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ. ಕಾಲು ಗಿಡ್ಡವೇ ಇತ್ತು. ಅಂದಿನಿಂದ ಯಾರಾದರೂ ಹೊಗಳಿದರೆ ನನ್ನ ಕಣ್ಣು ತಾನಾಗಿ ಆ ಗಿಡ್ಡ ಕಾಲನ್ನು ಹುಡುಕುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ನೂರಕ್ಕೆ ನೂರು ತೆಗೆದ ಹುಡುಗನ ಪೇಪರಿನ ಮೇಲೂ ‘ಪರವಾಗಿಲ್ಲ’ ಎಂದೇ ಬರೆಯುತ್ತಿದ್ದೆ. ನೀಲಾ ನನ್ನ ಹಾಗಲ್ಲ. ಬೇಕಾದದ್ದಕ್ಕೆ ನೆಲದ ಮೇಲೆ ಹೊರಳಾಡಿ ಅಳುತ್ತಿದ್ದಳು, ಸಿಗದಿದ್ದರೂ ಅಳುವುದು ಬಿಡುತ್ತಿರಲಿಲ್ಲ. ಈಗ ಚಡಚಣದಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ಚೌಕಾಸಿ ಮಾಡಿದವರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬೈದು ಕಳಿಸುತ್ತಾಳೆ. ಒಂದೇ ಮನೆ, ಒಂದೇ ಅಪ್ಪ, ನೋಡಿ ಮತ್ತೆ.

ಅವ್ವನ ಕೆಲಸದ ರೀತಿ ಅಪ್ಪನದಕ್ಕೆ ತದ್ವಿರುದ್ಧ. ಮುಂದಿನ ಕೋಣೆಗೆ ಬರುವ ಹೆಂಗಸರು ಸೆರಗು ಬಾಯಿಗೆ ಹಿಡಿದು ‘ಏನಿಲ್ರಿ ಬಾಯಾರ, ಸುಮ್ಮ ಬಂದೇನಿ’ ಎನ್ನುತ್ತಿದ್ದರು. ಅವ್ವ ಅವರನ್ನು ಸ್ಟೂಲಿನ ಮೇಲೆ ಕೂಡಿಸಿ, ತಾನು ಎದುರು ಕೂತು, ಗದರುತ್ತಿದ್ದಳು.

“ಸುಮ್ಮ ಯಾರೂ ಬರೂದಿಲ್ಲವ್ವಾ. ಎಲ್ಲಿ ನೋಯ್ತೈತಿ, ಬಾಯಿ ಬಿಟ್ಟ ಹೇಳು. ಹೇಳಲಾರದ ಬ್ಯಾನಿಗೆ ನನ್ನ ಹತ್ರ ಔಷಧ ಇಲ್ಲ.”

ಪರದೆಯ ಈಚೆ ಕೂತು ಇದನ್ನು ದಿನಾ ಕೇಳುತ್ತಿದ್ದೆ. ಆ ಸ್ಟೂಲಿನ ಮೇಲೆ ಒಂದು ಸಲ ಕೂಡಬೇಕು, ನನಗೂ ಅವ್ವ ಹಾಗೆ ಕೇಳಬೇಕು ಎಂದು ಆಸೆ. ಆದರೆ ಪರದೆ ದಾಟಿ ಈಚೆ ಬರುವ ಅವ್ವ ಬೇರೆಯೇ ಇರುತ್ತಿದ್ದಳು. ಅವಳ ಪಗಾರದ ಮೇಲೆಯೇ ಮನೆ ನಿಂತಿತ್ತು, ಅದೂ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೇಲಿನವರು ಬಂದಾರು, ಬೈದಾರು, ಎಲ್ಲಿಗಾದರೂ ಒಗೆದಾರು ಎಂಬ ಹೆದರಿಕೆ ಬೇರೆ. ಊರವರ ನೋವನ್ನೆಲ್ಲ ಕೇಳಿ ಕೇಳಿ ಕಿವಿ ತುಂಬಿಹೋದವಳು, ನಾವು ಹೊಟ್ಟೆನೋವು ಎಂದರೆ ‘ನಿಮಗೇನಾಗೇತಿ ಧಾಡಿ, ಗುಂಡಕಲ್ಲಿನಂಗ ಅದೀರಿ’ ಎಂದು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಹೀಗೆ ಒಬ್ಬರು ಬೇಕು ಎನ್ನಬಾರದೆಂದು ಕಲಿಸಿದರು, ಇನ್ನೊಬ್ಬರಿಗೆ ನೋಯುತ್ತದೆ ಎಂದರೆ ಕೇಳಲು ಹೊತ್ತಿರಲಿಲ್ಲ. ಪ್ರೀತಿ ಇರಲಿಲ್ಲ ಎಂದು ಮಾತ್ರ ಯಾರೂ ತಿಳಿಯಬೇಡಿ. ಮನೆ ತುಂಬ ಇತ್ತು, ಟ್ರಂಕಿನ ಅಡಿಯ ಬಟ್ಟೆಯ ಹಾಗೆ.

ಏಳನೆಯ ಇಯತ್ತೆ ಮುಗಿದಾಗ ಅವ್ವನಿಗೆ ಮತ್ತೆ ವರ್ಗವಾಗುತ್ತದೆ ಎಂಬ ಸುದ್ದಿ ಹಬ್ಬಿತು. ಬಾಗೇವಾಡಿಯಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇರುವ ಒಂದು ಶಾಲೆ ಇತ್ತು; ಅಲ್ಲಿ ಓದಿದ, ನಮ್ಮ ಶಾಲೆಯಲ್ಲಿ ಕಲಿಸುವ ಅಕ್ಕೋರೊಬ್ಬರು ಅವ್ವನಿಗೆ ಅದರ ಬಗ್ಗೆ ಹೇಳುತ್ತಿದ್ದುದನ್ನು ಪರದೆಯ ಈಚೆಯಿಂದ ಕೇಳಿಸಿಕೊಂಡೆ. ಪ್ರತಿ ಹುಡುಗಿಗೂ ಒಂದು ಮಂಚ, ಗೋಡೆಯಲ್ಲಿ ಒಂದು ಕಪಾಟು, ಕಪಾಟಿನ ಬಾಗಿಲಿಗೆ ಅವಳ ಹೆಸರು. ಹತ್ತನೆಯ ಇಯತ್ತೆಯವರೆಗೆ ಅದು ಅವಳದೇ. ಓದಿನ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಕಪಾಟು ಒಂದೇ ತಲೆಯಲ್ಲಿ ಕೂತಿತು. ಅದರಲ್ಲಿ ಏನೇನು ಎಲ್ಲೆಲ್ಲಿ ಇಡಬೇಕೆಂದು ಶಾಲೆಗೆ ಹೋಗುವಾಗ, ನೀರು ತರುವಾಗ, ರೊಟ್ಟಿ ತಿನ್ನುವಾಗ ಯೋಚಿಸಿದ್ದೇ ಯೋಚಿಸಿದ್ದು. ಎಷ್ಟು ಬೇಕಾಗಿತ್ತೆಂದರೆ ಮನೆಯಲ್ಲಿ ಯಾರಾದರೂ ಬಾಗೇವಾಡಿ ಎಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಮುಖದಲ್ಲಿ ಕಂಡುಬಿಟ್ಟರೆ?

ಅಪ್ಪನಿಗೆ ಫೀ ಚಿಂತೆ. ಅವ್ವ ಹಟ ಹಿಡಿದಳು. ಹೊರ್ತಿಯಿಂದ ಬಿಜಾಪುರ, ಬಿಜಾಪುರದಿಂದ ಬಾಗೇವಾಡಿ, ಎರಡು ಬಸ್ಸು ಹಿಡಿದು ಅಪ್ಪ ನನ್ನನ್ನು ಕರೆದೊಯ್ದ. ಶುಭ್ರ ಧೋತರ, ಗರಿಗರಿ ರುಮಾಲು, ಹೆಗಲ ಮೇಲೆ ಮಡಿಕೆ ಮುರಿಯದ ಟವೆಲ್. ಶಾಲೆಯ ದೊಡ್ಡಕ್ಕೋರು ಅಗಲ ಮುಖದ, ದಪ್ಪ ಕನ್ನಡಕದ ಹೆಂಗಸು. ನನ್ನ ಅಂಕಗಳನ್ನು ನೋಡಿ ಕನ್ನಡಕದ ಮೇಲಿನಿಂದ ನನ್ನನ್ನೂ ನೋಡಿದರು.

“ಹುಡುಗಿ ಶಾಣ್ಯಾ ಅದಾಳಲ್ರಿ!”

ಸಾಕು, ಅಪ್ಪ ಸಂತೆಗಿಳಿದ. ಎದುರಿನವನು ಹೊಗಳಿದನೆಂದರೆ ದರ ಏರುತ್ತದೆ ಎಂಬುದು ಅವನ ರಕ್ತದಲ್ಲಿದ್ದ ಮಾತು.

“ಎಲ್ಲಿ ಶಾಣ್ಯಾರಿ ಅಕ್ಕೋರ! ಬರೇ ಬಾಯಿಪಾಠ. ನಾಕ ಮಂದ್ಯಾಗ ನಿಂತ ಮಾತಾಡಾಕ ಬರೂದಿಲ್ಲ. ಎಡಗೈಲೆ ಬರೀತಾಳ. ಸಣ್ಣಾಕಿದ್ದಾಗಿಂದ ಸ್ವಲ್ಪ ಪುಕ್ಕಲ. ರಾತ್ರಿ ಬೆಚ್ಚತಾಳ. ಹಿಂತಾ ಹುಡುಗಿಗೆ ನೀವು ಪೂರಾ ಫೀ ಅಂದ್ರ ಹೆಂಗರಿ?”

ದೊಡ್ಡಕ್ಕೋರು ಪೆನ್ನು ಕೆಳಗಿಟ್ಟರು. ಅವರಿಗೆ ಅಪ್ಪ ಚೌಕಾಸಿ ಮಾಡುತ್ತಿದ್ದಾನೆಂದು ಹೊಳೆಯಲೇ ಇಲ್ಲ. ಹಡೆದವನೇ ಹೇಳಿದ ಮೇಲೆ ಅನುಮಾನವೇಕೆ? ಅವರ ಮುಖ ಕರುಣೆಯಿಂದ ಮೆತ್ತಗಾಯಿತು.

“ಹಂಗಿದ್ರ ಹಾಸ್ಟೆಲಿನಾಗ ಕೂಸಿಗೆ ಭಾಳ ತ್ರಾಸ ಆಗ್ತೈತ್ರಿ. ರಾತ್ರಿ ಬೆಚ್ಚೂ ಹುಡುಗಿ ತಾಯಿ ಹತ್ರ ಇರೂದ ಛಲೋ.” ನನ್ನ ಕಡೆ ತಿರುಗಿದರು. “ನಿನಗ ಇಲ್ಲಿ ಬರಬೇಕಂತ ಮನಸೈತೇನವ್ವಾ?”

ನಾನು ಅಪ್ಪನ ಮುಖ ನೋಡಿದೆ. ಕಟ್ಟಿಗೆಯ ಹಾಗಿತ್ತು. ವ್ಯಾಪಾರ ನಡೆದಿದೆ, ನಾನು ಕೆಡಿಸಬಾರದು. ಅವರ ಹಿಂದಿನ ಕಿಟಕಿಯಿಂದ ಉದ್ದನೆಯ ಒಂದು ಕೋಣೆ, ಸಾಲು ಮಂಚ, ಗೋಡೆಯಲ್ಲಿ ಹಸಿರು ಬಣ್ಣದ ಬಾಗಿಲುಗಳು ಕಾಣುತ್ತಿದ್ದವು. ಆ ಕಡೆಯಿಂದ ಮುಖ ತಿರುಗಿಸಿದೆ.

“ಹಂಗೇನಿಲ್ರಿ,” ಎಂದೆ.

“ಆತ್ ಬಿಡ್ರಿ ಹಂಗಾರ,” ಎಂದು ಅಪ್ಪ ಎದ್ದ. ಇಬ್ಬರೂ ನಡೆದೆವು. ಅವಸರವಿಲ್ಲದೆ, ಸಂತೆಯಲ್ಲಿ ನಡೆಯುವ ಹಾಗೆ. ‘ತಿರುಗಿ ನೋಡಬ್ಯಾಡ’ ಎಂದು ಅಪ್ಪ ತುಟಿ ಅಲ್ಲಾಡಿಸದೆ ಹೇಳಿದ. ನಾನು ನೋಡಲಿಲ್ಲ, ಬೆನ್ನೇ ಕಿವಿಯಾಗಿತ್ತು. ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ನಳದಲ್ಲಿ ನೀರು ಕುಡಿದ. ಚಪ್ಪಲಿಯಲ್ಲಿ ಇಲ್ಲದ ಮುಳ್ಳು ತೆಗೆದ. ಗಂಟೆ ಬಾರಿಸಿತು. ದೊಡ್ಡಕ್ಕೋರು ಕೋಣೆಯಿಂದ ಹೊರಗೆ ಬಂದರು, ನಮ್ಮ ಕಡೆ ನೋಡದೆ ಒಂದು ಕ್ಲಾಸಿನೊಳಗೆ ಹೋದರು. ಸಿಪಾಯಿ ಬಂದು ‘ಯಾರ್ ಬೇಕಾಗಿತ್ರಿ?’ ಎಂದು ಕೇಳಿದ.

“ಯಾರೂ ಬ್ಯಾಡ,” ಎಂದ ಅಪ್ಪ.

ಬಸ್ಸಿನಲ್ಲಿ ಬಿಜಾಪುರ ಬರುವವರೆಗೂ ಅವನು ಟವೆಲ್ಲಿನ ಮಡಿಕೆ ಸವರುತ್ತಿದ್ದ. ಆಮೇಲೆ, ತನಗೇ ಎಂಬಂತೆ, ‘ಕರೀಲಿಲ್ಲಲ್ಲ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. ಗುರುತಿನ ದಾರಿಯಲ್ಲಿ ಎಡವಿದವರಿಗೆ ಆಗುವಂಥದು.

ಮನೆಯಲ್ಲಿ ಅವ್ವ ನನಗಾಗಿ ಗೋಧಿ ಹುಗ್ಗಿ ಮಾಡಿಟ್ಟಿದ್ದಳು. ಅಪ್ಪ ‘ದರ ಕೂಡಲಿಲ್ಲ’ ಎಂದಷ್ಟೇ ಹೇಳಿ ಜೋಳದ ಚೀಲಕ್ಕೆ ಒರಗಿ ಕೂತ. ಅವ್ವ ನನ್ನಿಂದ ಒಂದೊಂದೇ ಮಾತು ಎಳೆದು ತೆಗೆದಳು. ನಾನು ಹೇಳಿ ಮುಗಿಸುವ ಹೊತ್ತಿಗೆ ಅವಳು ಸೌಟು ಹಿಡಿದೇ ಅಪ್ಪನ ಎದುರು ನಿಂತಿದ್ದಳು.

“ಹೊಟ್ಟ್ಯಾಗ ಹುಟ್ಟಿದ ಮಗಳ ಐಬು ಮಂದಿ ಮುಂದ ಎಣಿಸಿ ಬಂದ್ರೇನ್ರಿ?”

“ಕೊಳ್ಳಾಂವ ಐಬು ಹೇಳದ ಮತ್ತೇನ ಹೇಳ್ತಾನ?”

“ನೀವೇನ ಅಲ್ಲಿ ಎತ್ತ ಕೊಳ್ಳಾಕ ಹೋಗಿದ್ರೇನು? ನಿಮ್ಮ ಕೈಯಾಗಿನ ಹಗ್ಗದ ತುದಿಗೆ ಯಾರ್ ಇದ್ರು ನೋಡಿದ್ರೇನು?”

ಅಪ್ಪ ಹೆಗಲಿನ ಟವೆಲ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕೊಳ್ಳುವವರ ಪರವಾಗಿ ನಿಂತೂ ನಿಂತೂ, ಆ ಕೋಣೆಯಲ್ಲಿ ತಾನು ಯಾರ ಕಡೆಯವನು ಎಂಬುದನ್ನೇ ಮರೆತಿದ್ದ. ಅದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತೆಂದು ನನಗನ್ನಿಸುತ್ತದೆ. ಅವ್ವ ಸೌಟು ಒಗೆದು ನನ್ನ ಕೈ ಹಿಡಿದು ಪರದೆಯ ಆಚೆಗೆ ಎಳೆದೊಯ್ದಳು. ನನ್ನನ್ನು ಆ ಸ್ಟೂಲಿನ ಮೇಲೆ ಕೂಡಿಸಿ ತಾನು ಎದುರು ಕೂತಳು.

“ಎಲ್ಲಿ ನೋಯ್ತೈತಿ, ಹೇಳು.”

“ಏನಿಲ್ಲವ್ವಾ.”

“ಸುಮ್ಮ ಯಾರೂ ಈ ಸ್ಟೂಲಿನ ಮ್ಯಾಲ ಕೂಡೂದಿಲ್ಲ. ಬಾಯಿ ಬಿಡು.”

“ನನಗ… ಆ ಸಾಲಿ ಬೇಕಾಗಿತ್ತು.”

“ಜೋರಾಗಿ. ಪಡದಿ ಆಚೆಕಡಿ ಕೇಳಬೇಕು.”

“ನನಗ ಆ ಸಾಲಿ ಬೇಕು! ಆ ಕಪಾಟ ಬೇಕು!” ಎಂದು ಕಿರುಚಿ ನಾನು ಅಳತೊಡಗಿದೆ. ನನ್ನ ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಪರದೆ ಅಲುಗಲಿಲ್ಲ. ಆಚೆ ಅಪ್ಪ ಕೆಮ್ಮಿದ್ದು ಮಾತ್ರ ಕೇಳಿಸಿತು. ಅವ್ವ ನನ್ನ ಕಣ್ಣನ್ನು ಔಷಧದ ಹತ್ತಿಯಿಂದ ಒರೆಸಿದಳು, ಹತ್ತಿರ ಬೇರೆ ಏನೂ ಇರಲಿಲ್ಲ.

ಮರುದಿನ ಇಂಡಿಯ ಸಂತೆ. ಅಪ್ಪ ಎಂದೂ ತಪ್ಪಿಸದ ಸಂತೆ. ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಅದೇ ಧೋತರ ಉಟ್ಟು, ನನ್ನ ಕಡೆ ತಿರುಗಿ ‘ಕಸ್ತೂರಿ, ತಯಾರಾಗು’ ಎಂದ. ಅವ್ವ ಟ್ರಂಕಿನ ಅಡಿಗೆ ಕೈ ಹಾಕಿ ಒಂದು ರೊಕ್ಕದ ಗಂಟು ತೆಗೆದುಕೊಟ್ಟಳು. ನನಗೆ ಹೆದರಿಕೆ. ಬಿಟ್ಟು ಬಂದ ಎತ್ತಿನ ಹತ್ತಿರ ತಿರುಗಿ ಹೋಗಬಾರದು ಎಂಬುದು ದಲ್ಲಾಳಿಗಳ ಮೊದಲ ನೇಮ. ಹೋದರೆ ಮಾನವೂ ಹೋಗುತ್ತದೆ, ದರವೂ ಏರುತ್ತದೆ. ಸಂತೆ ತುಂಬ ನಗುತ್ತಾರೆ. ಆ ನೇಮ ಮುರಿದವರ ಕಥೆಗಳನ್ನು ಅಪ್ಪನೇ ಊಟದ ಹೊತ್ತಿನಲ್ಲಿ ನಗುತ್ತ ಹೇಳುತ್ತಿದ್ದ. ಈಗ ಅವನೇ ಬಾಗೇವಾಡಿಯ ಬಸ್ಸಿನಲ್ಲಿ ಕೂತು ಮೊಣಕಾಲು ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ನನ್ನದೂ ಅಲ್ಲಾಡುತ್ತಿತ್ತು.

“ಮತ್ತ ಬಂದ್ರೇನು?” ಎಂದರು ದೊಡ್ಡಕ್ಕೋರು. ಕುರ್ಚಿ ತೋರಿಸಿದರು. ಅಪ್ಪ ಕೂಡಲಿಲ್ಲ. ಹೆಗಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿನ್ನಿ ನಾ ಹೇಳಿದ್ದು ಸುಳ್ಳರಿ.”

“ಯಾವುದು?”

“ಎಲ್ಲಾನೂ. ಎಡಗೈ ಒಂದ ಖರೆ. ಫೀ ಇಳಸ್ತೀರೇನಂತ ಹೇಳಿದೆ. ನಾ ದನದ ದಲ್ಲಾಳಿರಿ ಅಕ್ಕೋರ, ನನಗ ಬ್ಯಾರೆ ಮಾತ ಬರೂದಿಲ್ಲ.” ಹೊಗಳಿ ಗೊತ್ತಿಲ್ಲದವನು ಮಾತಿಗೆ ತಡಕಾಡುತ್ತಿದ್ದ. “ಹುಡುಗಿ… ಹುಡುಗಿ ಐಬಿಲ್ರಿ. ಕೆಲಸಕ್ಕ ಹಿಂದ ಸರಿಯೂದಿಲ್ಲ. ಹೊಸಾ ಊರಿಗೆ ಒಯ್ದ್ರ ಮ್ಯಾವ ಬಿಡೂದಿಲ್ಲ. ಎಷ್ಟ ಊರ ತಿರುಗಿಸೇವಿ, ಒಂದ ದಿನಾ ಕಾಲ ಕೆದರಿಲ್ಲ. ಐಬಿಲ್ರಿ.”

ದೊಡ್ಡಕ್ಕೋರು ನಗುತ್ತಾರೆಂದು ನಾನು ನೆಲ ನೋಡಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಅಪ್ಪ ಹೇಳಿದ್ದಾತು. ನಿನ್ನ ಮಾತ ನೀ ಹೇಳವ್ವಾ.”

ಕಿಟಕಿಯ ಆಚೆ ಹಸಿರು ಬಾಗಿಲುಗಳು. ಈ ಸಲ ನೇರ ನೋಡಿದೆ. ನೋಡುತ್ತಲೇ ಹೇಳಿದೆ.

“ಬೇಕ್ರಿ.”

ಕೋಣೆಯ ಹೊರಗಿದ್ದ ಸಿಪಾಯಿ ಒಳಗೆ ಇಣುಕಿದ, ಅಷ್ಟು ಜೋರಾಗಿತ್ತು. ದೊಡ್ಡಕ್ಕೋರು ಫೀ ಹೇಳಿದರು. ಅಪ್ಪ ಜೀವಮಾನದಲ್ಲಿ ಮೊದಲ ಸಲ ಮೊದಲು ಹೇಳಿದ ದರಕ್ಕೆ ‘ಆತ್ರಿ’ ಎಂದ. ಅರ್ಧ ಈಗ ಕೊಡಿ, ಉಳಿದದ್ದು ದಸರೆಗೆ ಕೊಟ್ಟರಾಯಿತು ಎಂದು ಅವರೇ ಹೇಳಿದರು. ಅಪ್ಪ ಕೇಳಿರಲಿಲ್ಲ.

ಇಷ್ಟಕ್ಕೆ ನಾನು ಕುಣಿಯಬೇಕಿತ್ತಲ್ಲ. ಬಸ್ಸು ಹತ್ತಿದ ಮೇಲೆ ತಲೆಗೆ ಹೊಸ ಹುಳ ಹೊಕ್ಕಿತು. ಮಾರುವವನ ‘ಐಬಿಲ್ಲ’ ಎಂಬ ಮಾತನ್ನು ನಂಬಬಾರದು ಎಂದು ಕಲಿಸಿದವನು ಈ ಅಪ್ಪನೇ. ನಿನ್ನೆ ಅವನು ಕೊಳ್ಳುವವನ ಹಾಗೆ ಮಾತಾಡಿದ, ಇವತ್ತು ಮಾರುವವನ ಹಾಗೆ. ನಿನ್ನೆಯದು ಸುಳ್ಳಾದರೆ ಇವತ್ತಿನದು ಖರೆ ಎಂದು ಹೇಗೆ ಹೇಳುವುದು? ಗಿಡ್ಡ ಕಾಲಿನ ಮಣ್ಣೆತ್ತು ಕಣ್ಣ ಮುಂದೆ ಬಂತು. ಕಿಟಕಿಯ ಸರಳು ಹಿಡಿದೆ, ಬಿಟ್ಟೆ. ಚಪ್ಪಲಿ ಕಳಚಿದೆ, ಮೆಟ್ಟಿದೆ. ತಡೆಯಲಾಗಲಿಲ್ಲ.

“ಅಪ್ಪಾ, ಐಬಿಲ್ಲ ಅಂದೆಲ್ಲ… ಅದು ಖರೇನೋ, ವ್ಯಾಪಾರಾನೋ?”

ಬಸ್ಸಿನಲ್ಲಿ ಜನ ಕಿಕ್ಕಿರಿದಿತ್ತು. ಎದುರಿನ ಸೀಟಿನವರು ಅಪ್ಪನ ಗುರುತಿನವರು, ಸಂತೆ ತಪ್ಪಿಸಿದ್ದಕ್ಕೆ ಆಗಲೇ ಚಾಷ್ಟಿ ಮಾಡಿ ನಕ್ಕಿದ್ದರು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಮುಖ ಕಿಟಕಿಯ ಆಚೆಗೆ, ಎಂದಿನ ಕಟ್ಟಿಗೆ ಮುಖ. ಹೆಗಲಿನಿಂದ ಟವೆಲ್ ಎಳೆದು ನನ್ನ ಕೈಯ ಮೇಲೆ ಹಾಸಿದ. ಅದರ ಕೆಳಗೆ ತನ್ನ ಕೈ ತಂದ. ಒಂದು ಬೆರಳು ಹಿಡಿದ. ಎರಡು ಹಿಡಿದ. ಮೂರು, ನಾಲ್ಕು. ಆಮೇಲೆ ಐದನ್ನೂ ಒಟ್ಟಿಗೆ. ಅಲ್ಲಿಗೆ ಸಂತೆಯ ಲೆಕ್ಕ ಮುಗಿಯಬೇಕು. ಅಪ್ಪ ಬಿಡಲಿಲ್ಲ. ನನ್ನ ಇಡೀ ಕೈಯನ್ನು ಮಣಿಕಟ್ಟಿನವರೆಗೆ ತನ್ನ ಒರಟು ಮುಷ್ಟಿಯೊಳಗೆ ತೆಗೆದುಕೊಂಡು, ಬಿಜಾಪುರದ ಗೋಳಗುಮ್ಮಟ ಕಾಣುವವರೆಗೂ ಹಾಗೇ ಕೂತ. ಅದಕ್ಕೆ ಎಷ್ಟು ಎಂದು ಯಾವ ಸಂತೆಯಲ್ಲೂ ಲೆಕ್ಕವಿಲ್ಲ.

ಇಳಿಯುವಾಗ ಮುದ್ದೆಯಾದ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

“ಆ ದರ ಯಾರ ಮುಂದೂ ಒಡೀಬ್ಯಾಡ,” ಎಂದ.

ಮಗಳ ಮುಂದೆಯೂ ಒಡೆದಿರಲಿಲ್ಲ, ಇವತ್ತಿನವರೆಗೆ.